ಶಾವಿಗೆ ಮಣೆಯ ಋಣ



ನಿಮ್ಮ ಮನೆಯಲ್ಲಿ ಶಾವಿಗೆ ಮಣೆ ಇದೆಯೆ? ಕೂತು ಉಣ್ಣುವ ಮಣೆಯಲ್ಲ, ಚಪಾತಿ ಲಟ್ಟಿಸುವ ಮಣೆಯೂ ಅಲ್ಲ. ಮೂರು ಮೊಳ ಉದ್ದ, ಒಂದು ಗೇಣಿಗಿಂತ ತುಸು ಹೆಚ್ಚು ಅಗಲ, ಒಂದು ಕಡೆ ಎತ್ತರ, ಇನ್ನೊಂದು ಕಡೆ ನೆಲಕ್ಕೆ ಇಳಿಜಾರು. ಕೈ ಆಡಿ ಆಡಿ ಕನ್ನಡಿಯಂತೆ ನುಣುಪಾದ ಹಲಗೆ. ಇದ್ದರೆ ದಯಮಾಡಿ ಅದನ್ನು ಅಟ್ಟದಿಂದ ಇಳಿಸಿ ಒಮ್ಮೆ ಒರೆಸಿ ಇಡಿರಿ. ಇದನ್ನು ಹೇಳುವ ಅಧಿಕಾರ ನನಗೆ ಹೇಗೆ ಬಂತೆಂದು ಮುಂದೆ ಹೇಳುತ್ತೇನೆ. ನಮ್ಮ ಮನೆಯ ಮಣೆಯನ್ನು ಒಡೆದು ಬಚ್ಚಲ ಒಲೆಗೆ ಹಾಕಿದವಳು ನಾನೇ.

ನಾನೇನೂ ಬರೆಯುವವಳಲ್ಲ. ಎಸ್‌.ಎಸ್‌.ಎಲ್‌.ಸಿ. ಆದ ಮೇಲೆ ಪೆನ್ನು ಹಿಡಿದದ್ದು ಹಾಲಿನ ಲೆಕ್ಕ ಬರೆಯುವುದಕ್ಕೆ ಮಾತ್ರ. ಆದರೆ ಮಗಳ ಮದುವೆ ಮುಗಿದು ಮನೆ ಬಿಕೋ ಎನ್ನುವಾಗ, ಇಷ್ಟು ವರ್ಷ ಯಾರಿಗೂ ಹೇಳದ ಒಂದು ಮಾತನ್ನು ನಿಮಗೆ ಹೇಳಬೇಕೆನಿಸಿತು.

ನಮ್ಮದು ಬೈಲಹೊಂಗಲ. ಕಿತ್ತೂರ ಚೆನ್ನಮ್ಮನ ಸಮಾಧಿ ಇರುವ ಊರು. ಕಪ್ಪು ಮಣ್ಣಿನ ಸೀಮೆ. ಹತ್ತಿ, ಜೋಳ, ಕಡಲೆ, ಗೋಧಿ ಬೆಳೆಯುತ್ತವೆ. ನಾನು 2001ರಲ್ಲಿ ಈ ಮನೆಗೆ ಸೊಸೆಯಾಗಿ ಬಂದೆ. ತವರಿನಲ್ಲಿ ಪ್ಯಾಕೆಟ್ಟಿನ ಶಾವಿಗೆ ತಂದು ಉಪ್ಪಿಟ್ಟು ಮಾಡುವುದಷ್ಟೇ ನನಗೆ ಗೊತ್ತು. ಇಲ್ಲಿ ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಚುರುಗುಟ್ಟತೊಡಗಿತೋ ಇಲ್ಲವೋ, ಓಣಿಯ ಹೆಂಗಸರಿಗೆಲ್ಲ ಶಾವಿಗೆಯದೇ ಮಾತು. ಹಪ್ಪಳ, ಸಂಡಿಗೆ, ಶಾವಿಗೆ, ಇವು ಮೂರೂ ಮಳೆ ಬೀಳುವುದರೊಳಗೆ ಡಬ್ಬಿ ಸೇರಬೇಕು. ವರ್ಷದ ಹಬ್ಬ, ಮುಂಜಿ, ಮದುವೆ, ಬೀಗರ ಊಟ ಎಲ್ಲಕ್ಕೂ ಅದೇ.

ನಮ್ಮ ಓಣಿಗೆ ಶಾವಿಗೆಯ ಗುರು ಒಬ್ಬಳಿದ್ದಳು. ಎಲ್ಲರೂ ಅವಳನ್ನು ‘ಶ್ಯಾವಿಗಿ ಆಯಿ’ ಎಂದೇ ಕರೆಯುತ್ತಿದ್ದೆವು. ಗಂಡ ಸಣ್ಣ ವಯಸ್ಸಿನಲ್ಲೇ ಹೋಗಿದ್ದ. ಇಬ್ಬರು ಗಂಡುಮಕ್ಕಳು. ಬೇಸಿಗೆಯ ಎರಡು ತಿಂಗಳು ಹದಿನೈದು ಮನೆಗೆ ಹೋಗಿ ಶಾವಿಗೆ ಹೊಸೆಯುವಳು. ದಿನಕ್ಕೆ ಇಷ್ಟು ಸೇರು ಜೋಳ, ಮಧ್ಯಾಹ್ನ ರೊಟ್ಟಿ ಊಟ, ಕೊನೆಯ ದಿನ ಒಂದು ಕುಬಸದ ಕಣ. ಆ ಜೋಳವೇ ಅವಳಿಗೆ ಮಳೆಗಾಲ ಕಳೆಯುವವರೆಗಿನ ರೊಟ್ಟಿ. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೂ ಇಲ್ಲ.

ಕೈಶಾವಿಗೆ ನೋಡದ ಸೋದರಿಯರಿಗಾಗಿ ಅದರ ಕ್ರಮ ಹೇಳುತ್ತೇನೆ. ಗೋಧಿಗೆ ನೀರು ಚಿಮುಕಿಸಿ ಒದ್ದೆ ಅರಿವೆಯಲ್ಲಿ ಕಟ್ಟಿಡಬೇಕು. ಆಮೇಲೆ ಬೀಸಿ, ತೆಳ್ಳನೆಯ ಅರಿವೆಯಲ್ಲಿ ಸಾಣಿಸಿ, ಸಣ್ಣ ರವೆ ಬೇರೆ, ಹಿಟ್ಟು ಬೇರೆ ಮಾಡಬೇಕು. ರವೆಗೆ ಉಪ್ಪು ನೀರು ಹಾಕಿ ನಾದಿ, ಎಣ್ಣೆ ಸವರಿ ಒರಳಿನಲ್ಲಿ ಕುಟ್ಟಬೇಕು. ಎಳೆದರೆ ರಬ್ಬರಿನಂತೆ ಬರಬೇಕು, ಹರಿಯಬಾರದು. ಅಲ್ಲಿಯವರೆಗೆ ಕುಟ್ಟುವುದು ನಿಲ್ಲಿಸುವಂತಿಲ್ಲ. ಹೊಸೆಯುವವಳು ಮಣೆಯ ಎತ್ತರದ ತುದಿಗೆ ಕೂತು, ಅಂಗೈಗೆ ಎಣ್ಣೆ ಹಚ್ಚಿಕೊಂಡು, ಲಿಂಬೆಹಣ್ಣಿನಷ್ಟು ಕಣಕವನ್ನು ಮಣೆಯ ಮೇಲೆ ಹೊಸೆಯುತ್ತ ಕೆಳಗೆ ಬಿಡುತ್ತಾಳೆ. ಎಳೆ ಸಣ್ಣಗಾಗುತ್ತ ಇಳಿಜಾರಿನಲ್ಲಿ ಜಾರುತ್ತದೆ. ಕೆಳಗೆ ಕೂತವಳು ಅದನ್ನು ಹಗುರಾಗಿ ಹಿಡಿದು ಎಳೆದು ಕೋಲಿಗೆ ಹಾಕುತ್ತಾಳೆ. ಮೇಲಿನವಳ ಕೈ ಮತ್ತು ಕೆಳಗಿನವಳ ಕೈ ಒಂದೇ ಹದದಲ್ಲಿ ನಡೆಯಬೇಕು. ಮೇಲಿನವಳು ಅವಸರಿಸಿದರೆ ಎಳೆ ದಪ್ಪ. ಕೆಳಗಿನವಳು ಅವಸರಿಸಿದರೆ ತುಂಡು. ಅತ್ತೆ ಸೊಸೆ ಮುನಿಸಿಕೊಂಡ ದಿನ ಶಾವಿಗೆಗೆ ಕೂಡಬಾರದೆಂದು ನಮ್ಮ ಕಡೆ ಹೇಳುವುದು ಇದಕ್ಕೇ ಇರಬೇಕು.

ಮೊದಲ ವರ್ಷ ನನ್ನನ್ನು ಕೆಳಗೆ ಕೂಡಿಸಿದರು. ನಾನು ಹಿಡಿದ ಎಳೆಯೆಲ್ಲ ತುಂಡು ತುಂಡು. ಓಣಿಯ ಹೆಂಗಸರು ಮುಸಿಮುಸಿ ನಕ್ಕರು. ಅಳು ಬಂತು. ಆಯಿ ಮಾತ್ರ ನಗಲಿಲ್ಲ.

“ಎಳೀಬ್ಯಾಡ ತಂಗಿ, ಅದ ಬರ್ತೈತಿ. ನೀ ಬರೇ ಹಿಡಿ,” ಎಂದಳು.

ಮೂರನೆಯ ವರ್ಷಕ್ಕೆ ನನ್ನ ಎಳೆ ಹರಿಯುವುದು ನಿಂತಿತು. ಮೇಲಿನ ತುದಿಗೆ ಕೂಡುವಷ್ಟು ಮಾತ್ರ ನಾನು ಕಲಿಯಲೇ ಇಲ್ಲ. ತುಂಡಾದದ್ದನ್ನೂ ಅತ್ತೆಯವರು ಚೆಲ್ಲುತ್ತಿರಲಿಲ್ಲ. ಹಿಟ್ಟಿನ ಚೂರುಗಳನ್ನು ಬೆರಳ ತುದಿಯಲ್ಲಿ ಹೊಸೆದು ಅಕ್ಕಿಕಾಳಿನಂಥ ಗವಲಿ ಮಾಡುತ್ತಿದ್ದರು. ಹಬ್ಬಕ್ಕೆ ಗವಲಿ ಪಾಯಸವಾಗುತ್ತಿತ್ತು.

ನಮ್ಮ ಸೀಮೆಯಲ್ಲಿ ಶಾವಿಗೆಗೆ ಜಾತಿ, ಮತ ಇಲ್ಲ. ನಮ್ಮ ಮನೆಯಲ್ಲಿ ಯುಗಾದಿಗೆ ಬಸಿದ ಶಾವಿಗೆ, ಹಾಲು, ತುಪ್ಪ. ಪಕ್ಕದ ಮನೆಯ ಬೂಬವ್ವನ ಮನೆಯಲ್ಲಿ ರಮಜಾನ್ ಹಬ್ಬಕ್ಕೆ ಸುರಕುಂಬಾ. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮಾರನೆಯ ದಿನವೇ ರಮಜಾನ್ ಬಂದಿತ್ತು. ನಮ್ಮ ಶಾವಿಗೆಯ ಪಾತ್ರೆ ಆ ಮನೆಗೆ ಹೋಗಿ, ಅವರ ಸುರಕುಂಬಾ ತುಂಬಿಕೊಂಡು ಹಿಂದೆ ಬಂತು. ಪಾತ್ರೆ ತೊಳೆದು ಬರಿದು ಕಳಿಸುವ ಪದ್ಧತಿ ನಮ್ಮ ಓಣಿಯಲ್ಲಿ ಇನ್ನೂ ಬಂದಿಲ್ಲ.

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದರೆ ಅಡುಗೆಯ ಸೊಬಗೇ ಬೇರೆ. ಬನದ ಹುಣ್ಣಿಮೆಗೆ, ಭರತ ಹುಣ್ಣಿಮೆಗೆ ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಬಂದ ಜನ ಜೋಗುಳಬಾವಿಯಲ್ಲಿ ಮಿಂದು, ಬಯಲಲ್ಲೇ ಮೂರು ಕಲ್ಲು ಹೂಡಿ ಹೋಳಿಗೆ, ಕಡಬು, ಪಲ್ಯ ಮಾಡಿ ಪಡ್ಡಲಗಿ ತುಂಬುತ್ತಾರೆ. ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಜಾತ್ರೆಗೆ ಹೋದವರು ಬಳುವಲಹಣ್ಣು, ಬಾರಿಹಣ್ಣು ಕಟ್ಟಿಕೊಂಡು ಬರುತ್ತಾರೆ. ನಾಗರ ಪಂಚಮಿಗೆ ನಾಲ್ಕೂ ಊರುಗಳಲ್ಲಿ ಉಂಡೆಗಳ ಸುಗ್ಗಿ: ಎಳ್ಳು, ಶೇಂಗಾ, ಪುಠಾಣಿ, ಅಳ್ಳು. ಇವೆಲ್ಲಕ್ಕೂ ಹೆಸರಿದೆ, ಹಾಡಿದೆ. ಶಾವಿಗೆಗೆ ಜಾತ್ರೆಯಿಲ್ಲ. ಅದು ಬೀಗರು ಬಂದಾಗ ಸದ್ದಿಲ್ಲದೆ ಡಬ್ಬಿಯಿಂದ ಹೊರಬಂದು ಮನೆಯ ಮರ್ಯಾದೆ ಉಳಿಸುವ ಪದಾರ್ಥ.

ಈಗ ನನ್ನ ತಪ್ಪಿಗೆ ಬರುತ್ತೇನೆ.

2009ರ ಬೇಸಿಗೆಯಲ್ಲಿ ನಮ್ಮ ಓಣಿಯ ತುದಿಗೆ ಶಾವಿಗೆ ಮಷೀನು ಬಂತು. ರವೆ ಕೊಟ್ಟರೆ ಒಂದು ತಾಸಿನಲ್ಲಿ ಹತ್ತು ಕಿಲೋ ಶಾವಿಗೆ. ಎಲ್ಲವೂ ಒಂದೇ ಸಮ, ದಾರದ ಹಾಗೆ. ನನಗೆ ಆಗ ಇಬ್ಬರು ಸಣ್ಣ ಮಕ್ಕಳು, ಮಾವನವರು ಹಾಸಿಗೆ ಹಿಡಿದಿದ್ದರು. ನಾಲ್ಕು ದಿನ ಹೆಂಗಸರನ್ನು ಕೂಡಿಸಿ, ಚಹಾ ಮಾಡಿ, ರೊಟ್ಟಿ ಬಡಿದು, ಅಂಗಳ ಬಳಿದು ಮಾಡುವ ಕೆಲಸ ಒಂದು ತಾಸಿನಲ್ಲಿ ಮುಗಿಯುವುದಾದರೆ ಯಾರು ಬೇಡವೆನ್ನುತ್ತಾರೆ, ನೀವೇ ಹೇಳಿ? ನಾನು ಮಷೀನಿಗೆ ಹಾಕಿಸಿದೆ. ನನ್ನನ್ನು ನೋಡಿ ಎದುರುಮನೆಯವರು. ಅವರನ್ನು ನೋಡಿ ಇನ್ನೊಬ್ಬರು.

ಅತ್ತೆಯವರು ಒಂದೇ ಮಾತು ಕೇಳಿದರು. “ಆಯಿಗೆ ಹೇಳಿ ಏನವಾ?”

“ಏನ ಹೇಳೂದು ಅತ್ತಿ? ಆಕಿಗೂ ವಯಸ್ಸಾತು, ಆರಾಮ ಆಕ್ಕೈತಿ ಬಿಡ್ರಿ,” ಎಂದೆ.

ಅವರು ಮತ್ತೆ ಮಾತಾಡಲಿಲ್ಲ. ಮುಂದಿನ ವರ್ಷ ಮಳೆಗಾಲದಲ್ಲಿ ಕಟ್ಟಿಗೆಗೆ ತ್ರಾಸಾದಾಗ ಮಣೆಯನ್ನು ಒಡೆಸಿ ಹಂಡೆಯ ಒಲೆಗೆ ಹಾಕಿದೆ. ಅದು ಅತ್ತೆಯವರು ತವರಿನಿಂದ ತಂದ ಸಾಗವಾನಿಯ ಮಣೆ. ಸಂಜೆ ಅವರು ಬಚ್ಚಲಲ್ಲಿ ಬೂದಿ ತೆಗೆಯುತ್ತ, ಅರ್ಧ ಸುಟ್ಟ ಒಂದು ತುಂಡನ್ನು ಬದಿಗಿಟ್ಟರು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ.

ಆಯಿ ಎರಡು ವರ್ಷ ಯುಗಾದಿಗೆ ಮುಂಚೆ ಬಾಗಿಲಿಗೆ ಬಂದು ಹೋದಳು. “ಈ ಸಲ ಹೆಂಗ ತಂಗಿ?” ಎನ್ನುವಳು. ನಾನು ಚಹಾ ಕೊಟ್ಟು, “ನೋಡೂಣಂತ ಆಯಿ,” ಎನ್ನುವೆ. ಮೂರನೆಯ ವರ್ಷ ಬರಲಿಲ್ಲ. ನನಗೆ ನೆನಪೂ ಆಗಲಿಲ್ಲ.

2014ರ ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆವು. ಜಾತ್ರೆಯ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತಾಗ, ಹಿಂದಿನ ತಗಡಿನ ಮರೆಯಲ್ಲಿ ಹೊಗೆಯ ಮಧ್ಯೆ ರೊಟ್ಟಿ ಬಡಿಯುವವಳ ಬಳೆಯಿಲ್ಲದ ಕೈ ಕಂಡಿತು. ಆ ಕೈ ನನಗೆ ಗೊತ್ತಿತ್ತು. ಅವಳೂ ನನ್ನನ್ನು ನೋಡಿದಳು. ಎದ್ದು ಬಂದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ ನನ್ನ ಮಗಳ ಗಲ್ಲ ಮುಟ್ಟಿದಳು.

“ಶ್ಯಾವಿಗಿ ಸಾಕಾಕ್ಕಾವಿಲ್ಲೊ ಮನ್ಯಾಗ?” ಎಂದು ಕೇಳಿದಳು.

ಕೊಂಕು ಇರಲಿಲ್ಲ ಅದರಲ್ಲಿ. ನಿಜವಾಗಿಯೂ ಕೇಳಿದಳು. ಅಂದು ನಾನು ಉಂಡ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಎರಡು ತಿಂಗಳ ಜೋಳ ಹೋದ ಮೇಲೆ ಅವಳು ಜಾತ್ರೆಯಿಂದ ಜಾತ್ರೆಗೆ ಖಾನಾವಳಿಯವರ ಹಿಂದೆ ಹೋಗುತ್ತಿದ್ದಾಳೆಂದು ಆಮೇಲೆ ತಿಳಿಯಿತು. ಮಷೀನು ಬಂದದ್ದು ನನ್ನ ತಪ್ಪಲ್ಲ, ಅದು ಎಲ್ಲ ಕಡೆಗೂ ಬಂದಿದೆ. ಆದರೆ ಎಂಟು ಬೇಸಿಗೆ ನಮ್ಮ ಮನೆಯಲ್ಲಿ ಉಂಡು ದುಡಿದವಳಿಗೆ ‘ಬ್ಯಾಡ’ ಎನ್ನುವ ಮಾತನ್ನೂ ನೇರವಾಗಿ ಹೇಳದೆ ಚಹಾ ಕುಡಿಸಿ ಕಳಿಸಿದ್ದು ನನ್ನ ತಪ್ಪು.

ಆದರೂ ಊರಿಗೆ ಬಂದು ನಾನೇನು ಮಾಡಿದೆ? ಏನೂ ಇಲ್ಲ. ಸಂಸಾರದ ಗಡಿಬಿಡಿಯಲ್ಲಿ ಹತ್ತು ವರ್ಷ ಕಳೆದೆ. ಇದನ್ನೂ ಮುಚ್ಚಿಡದೆ ಹೇಳಬೇಕು.

2024ರ ಅಕ್ಟೋಬರದಲ್ಲಿ ಕಿತ್ತೂರ ಉತ್ಸವಕ್ಕೆ ಹೋದೆವು. 1824ರಲ್ಲಿ ಚೆನ್ನಮ್ಮ ಇಂಗ್ಲಿಷರನ್ನು ಗೆದ್ದು 200 ವರ್ಷವಾದ ಸಂಭ್ರಮ, ಜನವೋ ಜನ. ಅಲ್ಲಿಯ ಮಳಿಗೆಗಳ ಸಾಲಿನಲ್ಲಿ ಒಂದು ಮಹಿಳಾ ಸಂಘದವರು ‘ಕೈಶಾವಿಗೆ’ ಎಂದು ಚೀಟಿ ಅಂಟಿಸಿ ಮಾರುತ್ತಿದ್ದರು. ಮಷೀನಿನ ಶಾವಿಗೆಗಿಂತ ಎರಡು ಪಟ್ಟು ಮೀರಿದ ಬೆಲೆ. ಪಟ್ಟಣದವರು ಮುಗಿಬಿದ್ದು ಒಯ್ಯುತ್ತಿದ್ದರು. ಜವೆ ಗೋಧಿಯದೂ ಇತ್ತು. ಸಿಪ್ಪೆ ಬಿಡದ ಆ ಹಳೆಯ ಗೋಧಿಯನ್ನು ಕುಟ್ಟಿಯೇ ಹಸನು ಮಾಡಬೇಕು. ನಮ್ಮ ಅತ್ತೆಯವರು ಹುಗ್ಗಿಗೆ ಅದೇ ಬೇಕೆನ್ನುತ್ತಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅದರಲ್ಲಿಯೇ ಡಿಡಿಕೆ 1029 ಮುಂತಾದ ಗಿಡ್ಡ ತಳಿಗಳನ್ನು ತಂದಿದ್ದಾರೆ. ನಾನು ಒಲೆಗೆ ಹಾಕಿದ್ದಕ್ಕೆ ಇಷ್ಟು ಬೆಲೆ ಇತ್ತೆಂದು ಆ ಮಳಿಗೆಯ ಮುಂದೆ ನಿಂತು ತಿಳಿದೆ.

ಅದೇ ಹೊತ್ತಿಗೆ ಮಗಳ ಸಂಬಂಧ ರಾಮದುರ್ಗಕ್ಕೆ ಗಟ್ಟಿಯಾಯಿತು. ಬೀಗರು ನೇಕಾರ ಮನೆತನದವರು. ಮದುಮಗಳ ಬುತ್ತಿಯ ಬುಟ್ಟಿಯಲ್ಲಿ ಏನೇನು ಇರಬೇಕೆಂದು ಕೇಳಿದಾಗ ಬೀಗತಿ, “ಬಂಗಾರ ಬ್ಯಾಡ್ರಿ ಅಕ್ಕಾರ, ಆದರ ಶ್ಯಾವಿಗಿ ಮಾತ್ರ ಕೈದು ಇರಲಿ. ನಮ್ಮನ್ಯಾಗ ಕೈಮಗ್ಗ ನಿಂತ ದಿನದಿಂದ ಮಷೀನಿಂದು ನೋಡಿದರ ನಮ್ಮ ಮಾವಾರಿಗೆ ಊಟ ಸೇರೂದಿಲ್ಲ,” ಎಂದರು. ನಕ್ಕೇ ಹೇಳಿದರು. ಆದರೂ ನನಗೆ ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು.

ಕಿತ್ತೂರಿಗೆ ಹೋಗಿ ಕೊಂಡು ತರಬಹುದಿತ್ತು. ಅತ್ತೆಯವರು, “ಕೊಂಡದ್ದು ಬುತ್ತಿ ಅಲ್ಲ,” ಎಂದರು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಧೈರ್ಯ ಮಾಡಿ ಆಯಿಯ ಮನೆ ಹುಡುಕಿಕೊಂಡು ಹೋದೆ.

ಆಯಿ ನನ್ನನ್ನು ಕಂಡು ಹಿಗ್ಗಿದಳೆಂದು ಬರೆದರೆ ಸುಳ್ಳಾಗುತ್ತದೆ. ಕೂಡು ಎಂದಳು, ನೀರು ಕೊಟ್ಟಳು, ನಾನು ಹೇಳಿದ್ದನ್ನೆಲ್ಲ ಕೇಳಿದಳು. ಆಮೇಲೆ ನಿಧಾನಕ್ಕೆ, “ಅವತ್ತ ಬ್ಯಾಡಾಗಿದ್ದೆ, ಇವತ್ತ ಬೇಕಾದ್ನೇನು ತಂಗಿ?” ಎಂದಳು.

ನಾನು ಉತ್ತರ ಕೊಡಲಿಲ್ಲ. ಕೊಡಲು ಇರಲಿಲ್ಲ. ಕೈ ಹಿಡಿದು, “ತಪ್ಪಾತು ಆಯಿ,” ಎಂದೆ. ಹದಿನೈದು ವರ್ಷದ ಮೇಲೆ ಬಂದ ಮಾತು ಅದು. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ‘ಇರಲಿ ಬಿಡು’ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕರಾರು ಹೇಳಿದಳು. ಹೊಲದ ಕೂಲಿ ಎಷ್ಟಿದೆಯೋ ಅಷ್ಟು ದಿನಾ ಸಂಜೆ ಕೈಯಲ್ಲಿ ಕೊಡಬೇಕು. ಹೊಸ ಮಣೆ ಮಾಡಿಸಬೇಕು. ತನ್ನ ರಟ್ಟೆಯಲ್ಲಿ ಶಕ್ತಿಯಿಲ್ಲ. ಕುಟ್ಟುವವರು ಬೇರೆ ಬೇಕು. “ಮತ್ತ ಮದಿವಿ ಹುಡುಗಿನ ಕೂತು ಕಲೀಬೇಕು. ಇಲ್ಲಂದ್ರ ನಾ ಬರೂದಿಲ್ಲ.”

ಬಡಿಗರಲ್ಲಿ ಹೋಗಿ ಮಣೆ ಮಾಡಿಸಿದೆ. ಹೊಸ ಮಣೆಯನ್ನು ಆಯಿ ಅಂಗೈಯಿಂದ ಸವರಿ ನೋಡಿ ಎರಡು ಸಲ ಹಿಂದಕ್ಕೆ ಕಳಿಸಿದಳು. ಯುಗಾದಿಯ ಮುಂಚಿನ ನಾಲ್ಕು ದಿನ ನಮ್ಮ ಅಂಗಳದಲ್ಲಿ ಮತ್ತೆ ಶಾವಿಗೆ ನಡೆಯಿತು. ಪದವಿ ಓದಿದ ನನ್ನ ಮಗಳು ಕೆಳಗೆ ಕೂತಳು, ತುಂಡು ತುಂಡು ಮಾಡಿದಳು. “ಎಳೀಬ್ಯಾಡ ತಂಗಿ, ಬರೇ ಹಿಡಿ,” ಎಂದು ಆಯಿ ಅಂದಾಗ ನಾನು ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ. ಅತ್ತೆಯವರು ಎಲ್ಲಿಂದಲೋ ಆ ಅರ್ಧ ಸುಟ್ಟ ತುಂಡನ್ನು ತಂದು ಹೊಸ ಮಣೆಯ ಎತ್ತರದ ಕಾಲಿನ ಕೆಳಗೆ ಆಧಾರವಾಗಿ ಇಟ್ಟರು. ಮಣೆ ಸ್ವಲ್ಪ ಅಲುಗಾಡುತ್ತಿತ್ತು, ನಿಂತಿತು. ಆಗಲೂ ಅವರು ಏನೂ ಹೇಳಲಿಲ್ಲ.

ಕೊಲ್ಲಿ ದೇಶದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮ ನಾದಿನಿಯ ಮಗಳಿಗೆ ಫೋಟೋ ಕಳಿಸಿದ್ದೆವು. ಅವಳ ಜೊತೆಗಿರುವ ಫಿಲಿಪೀನ್ಸಿನ ಗೆಳತಿ ಅದನ್ನು ನೋಡಿ, ತಮ್ಮಲ್ಲೂ ಶಾವಿಗೆಯಂಥದು ಇದೆ, ‘ಪನ್ಸಿತ್’ ಎನ್ನುತ್ತಾರೆ ಎಂದಳಂತೆ. ಹುಟ್ಟುಹಬ್ಬಕ್ಕೆ ಅದು ಬೇಕೇ ಬೇಕು. ಎಳೆ ಉದ್ದವಿದ್ದಷ್ಟು ಆಯುಷ್ಯ ಉದ್ದವೆಂದು ಕತ್ತರಿಸುವುದಿಲ್ಲ. ಅವರ ಲುಕ್ಬಾನ್ ಎಂಬ ಊರಿನಲ್ಲಿ ಅದನ್ನು ಬಾಳೆಎಲೆಯ ಮೇಲೆ ಹಾಕಿ, ಚಮಚೆಯಿಲ್ಲದೆ ಎಲೆಯನ್ನೇ ಬಾಯಿಗೆತ್ತಿ ತಿನ್ನುತ್ತಾರೆ. ‘ಪನ್ಸಿತ್ ಹಬ್‌ಹಬ್’ ಎಂದು ಅದರ ಹೆಸರು. ಅದೇ ಊರಿನಲ್ಲಿ ಮೇ 15ರ ಸುಗ್ಗಿ ಹಬ್ಬಕ್ಕೆ ಅಕ್ಕಿಹಿಟ್ಟಿನ ಬಣ್ಣದ ಹಪ್ಪಳಗಳನ್ನು ಮನೆಯ ಮುಂದೆಲ್ಲ ತೂಗಹಾಕುತ್ತಾರಂತೆ. ಇದನ್ನು ಆಯಿಗೆ ಹೇಳಿದೆ. “ಹಂಗಾರ ಅಲ್ಲೂ ತುಂಡ ಮಾಡೋರಿಗೆ ಬೈತಾರನ್ನು,” ಎಂದು ನಕ್ಕಳು. ಆ ನಾಲ್ಕು ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಇನ್ನು ಬಸಿದ ಶಾವಿಗೆ ಮಾಡುವ ರೀತಿ ಹೇಳುತ್ತೇನೆ. ನಾಲ್ಕು ಮಂದಿಗೆ ಕಾಲು ಕಿಲೋ ಕೈಶಾವಿಗೆ ಸಾಕು. ಒಂದೂವರೆ ಲೀಟರು ನೀರು ಕುದಿಯಲು ಇಡಿರಿ. ಚಿಟಿಕೆ ಉಪ್ಪು, ಒಂದು ಚಮಚೆ ತುಪ್ಪ ಹಾಕಿರಿ. ನೀರು ತೆರ್ಲು ಬಂದ ಮೇಲೆ ಶಾವಿಗೆ ಬಿಟ್ಟು ಮೂರು ನಾಲ್ಕು ನಿಮಿಷ ಕುದಿಸಿರಿ. ಸೌಟಿನಿಂದ ತಿರುವಬೇಡಿರಿ, ಮುರಿಯುತ್ತದೆ. ಒಂದು ಎಳೆ ಹಿಚುಕಿ ನೋಡಿ, ನಡುವೆ ಬಿಳಿ ಹಿಟ್ಟು ಕಾಣದಿದ್ದರೆ ಬೆಂದಿದೆ. ಕೂಡಲೇ ತೂತಿನ ಪಾತ್ರೆಯಲ್ಲಿ ಬಸಿದು, ಬಿಸಿ ಇರುವಾಗಲೇ ತುಪ್ಪ ಹಾಕಿ ಕೊಡವಿರಿ. ಬಡಿಸುವಾಗ ಸಕ್ಕರೆ ಪುಡಿ ಅಥವಾ ಬೆಲ್ಲದ ಪುಡಿ, ಏಲಕ್ಕಿ, ಒಣಕೊಬ್ಬರಿ ತುರಿ, ಮೇಲೆ ಕಾಸಿದ ಹಾಲು. ಬೆಲ್ಲ ಹಾಕುವುದಾದರೆ ಹಾಲು ಆರಿರಲಿ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆದೀತು. ಮಾವಿನ ಸುಗ್ಗಿಯಲ್ಲಿ ಹಾಲಿನ ಬದಲು ಸೀಕರಣೆ ಹಾಕಿ ನೋಡಿರಿ. ಮಷೀನಿನ ಶಾವಿಗೆಗೆ ಎರಡೇ ನಿಮಿಷ ಸಾಕು.

ಮೇ ತಿಂಗಳಲ್ಲಿ ಮದುವೆಯಾಯಿತು. ಬುತ್ತಿಯ ಬುಟ್ಟಿಯಲ್ಲಿ ಐದು ಕಿಲೋ ಕೈಶಾವಿಗೆ ರಾಮದುರ್ಗಕ್ಕೆ ಹೋಯಿತು. ಅದರಲ್ಲಿ ಅರ್ಧ ಕಿಲೋ ಮಗಳು ಹಿಡಿದದ್ದು; ಒಂದು ಎಳೆ ದಪ್ಪ, ಒಂದು ಸಣ್ಣ. ಬೀಗರ ಮನೆಯ ಹಿರಿಯರು ಅದನ್ನೇ ಕೇಳಿ ಉಂಡರಂತೆ.

ನಾನು ಮಷೀನು ಬಿಟ್ಟಿಲ್ಲ. ಉಪ್ಪಿಟ್ಟಿಗೆ ಅದೇ ಸರಿ. ನಿಮಗೂ ಬಿಡಿರೆಂದು ಹೇಳುವುದಿಲ್ಲ. ಸೊಂಟ ನೋಯುವುದು ಬಲ್ಲವಳು ನಾನು. ಆದರೆ ಒಂದು ಮಾತು. ಕೆಲಸ ಹಗುರಾಗುವ ವಸ್ತು ಮನೆಗೆ ಬಂದಾಗ, ಆ ಕೆಲಸವನ್ನು ಅಲ್ಲಿಯವರೆಗೆ ಯಾರು ಮಾಡುತ್ತಿದ್ದರು, ಅವರು ನಾಳೆ ಏನು ಉಣ್ಣುತ್ತಾರೆ ಎಂದು ಒಮ್ಮೆ ಕೇಳಿರಿ. ಬೀಸುವವಳು, ಕುಟ್ಟುವವಳು, ಹಪ್ಪಳ ಲಟ್ಟಿಸುವವಳು, ನಿಮ್ಮ ಓಣಿಯಲ್ಲೂ ಒಬ್ಬ ಆಯಿ ಇದ್ದಾಳು. ಬೇಡವಾದರೆ ಬೇಡವೆಂದು ಮುಖಕ್ಕೆ ಹೇಳಿರಿ, ಬೇರೆ ಏನಾದರೂ ಕೆಲಸ ಹುಡುಕಿಕೊಡಿರಿ.

ಈ ಸಲ ಎದುರುಮನೆಯವರೂ ಬೂಬವ್ವನೂ ಸೇರಿ ಮೂರು ಮನೆಯವರು ಆಯಿಗೆ ಹೇಳಿದ್ದೇವೆ. ಕೂಲಿ ಮೊದಲೇ ಮಾತಾಡಿದ್ದೇವೆ. ಮೇಲಿನ ತುದಿಗೆ ಯಾರು ಕೂಡಬೇಕೆಂದು ಕೇಳಿದೆ. ಆಯಿ ನನ್ನತ್ತ ಬೆರಳು ಮಾಡಿದಳು.

“ಇಪ್ಪತ್ತ ವರ್ಷ ಕೆಳಗ ಕುಂತದ್ದ ಸಾಕು. ಮ್ಯಾಲೆ ಬಾ.”